ಕಾಪು ದೀಪಸ್ತಂಭದ ಮೇಲೆ ಹನ್ನೊಂದು ನಿಮಿಷ

ಮಗಳಿಗೆ ಆಗ ಆರು ವರ್ಷ. ಒಂದು ಭಾನುವಾರ ಸಂಜೆ ಮಣಿಪಾಲದ ಎಂಡ್ ಪಾಯಿಂಟಿಗೆ ಹೋಗಿದ್ದೆವು. ಪಾರ್ಕಿನ ಅಂಚಿನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ ತೆಂಗಿನ ತೋಟಗಳ ನಡುವೆ ಬಳುಕುತ್ತಾ ಸಮುದ್ರದ ಕಡೆಗೆ ಹೋಗುವುದು ಕಾಣುತ್ತದೆ. ಉಳಿದ ಮಕ್ಕಳೆಲ್ಲ ಬೇಲಿಗೆ ಮುಖ ಒತ್ತಿಕೊಂಡು ನೋಡುತ್ತಿದ್ದರು. ಇವಳೊಬ್ಬಳು ನನ್ನ ಚೂಡಿದಾರದ ತುದಿ ಹಿಡಿದುಕೊಂಡು, “ಬೇಡ ಅಮ್ಮ, ಅಲ್ಲಿಗೆ ಹೋದ್ರೆ ಬೀಳ್ತೇವೆ” ಅಂದಳು.

ಆ ಮಾತು ಅವಳದ್ದಲ್ಲ, ನನ್ನದು. ಮನೆಯ ತಾರಸಿಯಲ್ಲಿ, ಬಾವಿಕಟ್ಟೆಯ ಹತ್ತಿರ, ಮಾಲ್‌ನ ಎಸ್ಕಲೇಟರ್ ಮುಂದೆ ಅವಳು ನನ್ನ ಬಾಯಲ್ಲಿ ಕೇಳಿದ ಮಾತು. ನನ್ನ ಮೂಗು, ನನ್ನ ಗುಂಗುರು ಕೂದಲು ಅವಳಿಗೆ ಬಂದಿದ್ದಕ್ಕೆ ಸಂತೋಷಪಟ್ಟಿದ್ದೆ. ನನ್ನ ಭಯವೂ ಅವಳಿಗೆ ಬಂದಿದೆ ಎಂದು ಗೊತ್ತಾದ ಆ ರಾತ್ರಿ ನಿದ್ದೆ ಬರಲಿಲ್ಲ.

ಎತ್ತರದ ಭಯ ನನಗೆ ಹುಟ್ಟಿದ್ದು ತೀರಾ ಎತ್ತರವಲ್ಲದ ಜಾಗದಲ್ಲಿ. ನನ್ನ ತವರು ಕಾರ್ಕಳದ ಕಡೆ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತೋಡು, ಅದಕ್ಕೆ ಅಡ್ಡಲಾಗಿ ಎರಡು ಅಡಿಕೆ ಮರ ಹಾಸಿ ಕಟ್ಟಿದ ಕಾಲುಸಂಕ. ಕೈ ಹಿಡಿಯಲು ಒಂದೇ ಬದಿಗೆ ಬಿದಿರಿನ ಗಳ. ಆಟಿ ತಿಂಗಳ ಮಳೆಯಲ್ಲಿ ಮರ ಪಾಚಿಗಟ್ಟಿ ಜಾರುತ್ತಿತ್ತು, ಕೆಳಗೆ ಕೆಂಪು ನೀರು ಓಡುತ್ತಿತ್ತು. ಮೂರನೇ ಕ್ಲಾಸಿನಲ್ಲಿ ಒಂದು ದಿನ ಸಂಕದ ನಡುವೆ ನನ್ನ ಚಪ್ಪಲಿ ಜಾರಿತು. ಹಿಂದಿದ್ದ ಪಕ್ಕದ ಮನೆಯ ಅಕ್ಕ ಬ್ಯಾಗ್ ಹಿಡಿದು ಎಳೆದರು. ಚಪ್ಪಲಿ ಹೋಯಿತು, ನಾನು ಉಳಿದೆ. ಆದರೆ ಕಾಲಿನ ಕೆಳಗೆ ನೀರು ಓಡುತ್ತಿದ್ದರೆ ನಾನೇ ಹಿಮ್ಮುಖವಾಗಿ ತೇಲಿಹೋಗುತ್ತಿದ್ದೇನೆ ಎನ್ನಿಸುವುದು ಅಂದಿನಿಂದ ಮೈಯಲ್ಲಿ ಕೂತಿತು. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಇವತ್ತಿಗೂ ಮಳೆಗಾಲದಲ್ಲಿ ಇಂಥ ಸಂಕ ದಾಟಿಯೇ ಶಾಲೆಗೆ ಹೋಗುತ್ತಾರೆ. ಅವರ ಭಯಕ್ಕೆ ಮದ್ದು ಬೇಡ, ಸೇತುವೆ ಬೇಕು.

ಆಮೇಲೆ ನಾನು ತಪ್ಪಿಸಿಕೊಳ್ಳುವುದನ್ನು ಕಲಿತೆ. 2015ರ ಜನವರಿಯಲ್ಲಿ ಕಾರ್ಕಳದ ಬಾಹುಬಲಿಗೆ ಮಹಾಮಸ್ತಕಾಭಿಷೇಕವಾದಾಗ ಊರಿಗೆ ಊರೇ ಗೊಮ್ಮಟ ಬೆಟ್ಟ ಹತ್ತಿತು. ಮಂಡಿನೋವಿದ್ದ ನನ್ನ ಅಮ್ಮನೂ ಹತ್ತಿದರು. ನಾನು ಚೀಲ, ಚಪ್ಪಲಿ ಕಾಯುವ ನೆಪದಲ್ಲಿ ಬುಡದಲ್ಲೇ ಕೂತೆ. ಅಮ್ಮ ಇಳಿದು ಬಂದವರು, “ನೀನು ಬರಬೇಕಿತ್ತು” ಎಂದರು, ಅಷ್ಟೇ. ಆ ಮಾತು ಇನ್ನೂ ಚುಚ್ಚುತ್ತದೆ.

ಅದಕ್ಕೂ ಮೊದಲು, ಮದುವೆಯಾದ ಹೊಸತರಲ್ಲಿ, ನೆಂಟರೊಬ್ಬರು “ಏನೂ ಆಗುವುದಿಲ್ಲ ಬಾ” ಎಂದು ಕಾಪು ಲೈಟ್‌ಹೌಸಿನ ಮೆಟ್ಟಿಲಲ್ಲಿ ನನ್ನ ಕೈ ಹಿಡಿದು ಎಳೆದುಕೊಂಡೇ ಹೋಗಿದ್ದರು. ಅರ್ಧದಲ್ಲಿ ಉಸಿರು ಸಿಕ್ಕಿಹಾಕಿಕೊಂಡಿತು, ಗೋಡೆಗೆ ಒರಗಿ ಅತ್ತುಬಿಟ್ಟೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಂದಿನಿಂದ ಕಾಪು ಬೀಚಿಗೆ ಹೋದರೂ ನಾನು ಲೈಟ್‌ಹೌಸಿನ ಬಂಡೆಯ ಕಡೆ ಬೆನ್ನು ಹಾಕಿ ಕೂರತೊಡಗಿದೆ.

ಎಂಡ್ ಪಾಯಿಂಟಿನ ಆ ಸಂಜೆಯ ನಂತರ ಮಣಿಪಾಲದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಕಂಡೆ. ಮೊದಲು ಅವರು ಕೇಳಿದ್ದು, ಸಮತಟ್ಟು ನೆಲದಲ್ಲೂ ತಲೆ ತಿರುಗುತ್ತದೆಯೇ ಎಂದು. ಹಾಗಿದ್ದರೆ ಮೊದಲು ಕಿವಿ ಪರೀಕ್ಷೆ ಆಗಬೇಕಂತೆ. ನನಗೆ ಹಾಗಿರಲಿಲ್ಲ. ಆಮೇಲೆ ಅವರು ವಿವರಿಸಿದ ಒಂದು ವಿಷಯ ನನ್ನ ನಾಚಿಕೆಯನ್ನೇ ಕಳೆಯಿತು. ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳು ಕೊಡುವ ಸುದ್ದಿಯಿಂದ. ನಿಂತಾಗ ದೇಹ ಯಾವಾಗಲೂ ಸ್ವಲ್ಪ ತೂಗುತ್ತಲೇ ಇರುತ್ತದೆ. ಹತ್ತಿರ ಗೋಡೆಯೋ ಮರವೋ ಇದ್ದರೆ ಕಣ್ಣು ಆ ತೂಗಾಟವನ್ನು ಗುರುತಿಸಿ ಸರಿಮಾಡುತ್ತದೆ. ಎತ್ತರದಲ್ಲಿ ಕಣ್ಣಿಗೆ ಸಿಗುವುದೆಲ್ಲ ದೂರದ್ದು. ಗುರುತು ಸಿಗದೆ ತೂಗಾಟ ಹೆಚ್ಚುತ್ತದೆ. ಅಂದರೆ ಕಾಲು ಅದುರಿದ ಹಾಗೆ ಆಗುವುದು ನನ್ನ ಹೇಡಿತನದಿಂದಲ್ಲ, ಅದು ಎಲ್ಲರಿಗೂ ಇರುವ ದೇಹದ ಗುಣ. ನನ್ನಂಥವರು ಅದಕ್ಕೆ ಹೆದರಿ ಇನ್ನಷ್ಟು ಬಿಗಿಯುತ್ತೇವೆ.

“ಅಲ್ಲೇ ಎಚ್ಚರ ತಪ್ಪಿ ಬಿದ್ದರೆ?” ಎಂದು ಕೇಳಿದೆ. ರಕ್ತ ಕಂಡಾಗ ಕೆಲವರಿಗೆ ಬಿ.ಪಿ. ದಿಢೀರನೆ ಇಳಿದು ಎಚ್ಚರ ತಪ್ಪುತ್ತದೆ. ಎತ್ತರದ ಭಯದಲ್ಲಿ ಬಿ.ಪಿ.ಯೂ ಎದೆಬಡಿತವೂ ಏರುತ್ತವೆ, ಹಾಗಾಗಿ ಎಚ್ಚರ ತಪ್ಪುವುದು ಅಪರೂಪ ಎಂದರು. ಕೊನೆಗೆ ಹೇಳಿದ್ದು ಇದು: “ಭಯಕ್ಕೆ ಒಂದು ತುದಿ ಇರುತ್ತದೆ. ತುದಿಯಲ್ಲಿದ್ದಾಗ ಓಡಿ ಬಂದರೆ, ಓಡಿದ್ದರಿಂದಲೇ ಬದುಕಿದೆ ಎಂದು ಮೈ ನಂಬುತ್ತದೆ. ಅಲ್ಲೇ ನಿಂತರೆ ಅದು ತಾನಾಗಿ ಇಳಿಯುವುದನ್ನು ನೀವೇ ನೋಡಬಹುದು.”

ಈ ವಿಧಾನ ಹೊಸದೇನಲ್ಲ. ಭಯದ ಮೆಟ್ಟಿಲುಗಳನ್ನು ಪಟ್ಟಿ ಮಾಡಿ ಕೆಳಗಿನಿಂದ ಒಂದೊಂದೇ ಹತ್ತಿಸುವ ಚಿಕಿತ್ಸೆಯನ್ನು ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಪುಸ್ತಕವಾಗಿಯೇ ಬರೆದಿದ್ದಾರೆ. ಅದಕ್ಕೂ ಸುಮಾರು ಇನ್ನೂರು ವರ್ಷ ಹಿಂದೆ, ಜರ್ಮನ್ ಕವಿ ಗಯಟೆ ಸ್ಟ್ರಾಸ್‌ಬರ್ಗ್‌ನಲ್ಲಿ ಕಾನೂನು ಓದುತ್ತಿದ್ದಾಗ, ತನ್ನ ಎತ್ತರದ ಭಯ ಬಿಡಿಸಿಕೊಳ್ಳಲು ಅಲ್ಲಿನ 142 ಮೀಟರ್ ಎತ್ತರದ ಚರ್ಚ್ ಗೋಪುರವನ್ನು ಒಬ್ಬನೇ ಹತ್ತಿ, ತುದಿಯ ಹತ್ತಿರ ಕಾಲು ಗಂಟೆ ಕೂತು, ಬಯಲಿಗೆ ಹೆಜ್ಜೆ ಇಡುತ್ತಿದ್ದನಂತೆ. ಭಯ ಹೋಗುವವರೆಗೂ ಮತ್ತೆ ಮತ್ತೆ ಹತ್ತಿದ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅಷ್ಟು ದೊಡ್ಡವರಿಗೂ ಇದೇ ದಾರಿ ಎಂದು ತಿಳಿದು ನನಗೆ ತುಂಬ ಸಮಾಧಾನವಾಯಿತು.

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡೆ. ಜಾಗ, ಹೋದ ಹೊತ್ತು, ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ, ಅದು ಅರ್ಧಕ್ಕಿಳಿಯಲು ಹಿಡಿದ ನಿಮಿಷ: ಇಷ್ಟೇ ಕಾಲಂ. ಮೊದಲ ಸಾಲು ಎಂಡ್ ಪಾಯಿಂಟಿನ ಬೇಲಿ. ಅಂಕ 8, ನಿಮಿಷ 24. ಆರು ಸಲ ಹೋದ ಮೇಲೆ ಅಂಕ 3, ನಿಮಿಷ 5.

ಮಲ್ಪೆಯ ಸೀ ವಾಕ್ ನನಗೆ ಅದಕ್ಕಿಂತ ಕಷ್ಟವಾಯಿತು. ಎತ್ತರ ಏನೂ ಇಲ್ಲ. ಆದರೆ ಎರಡೂ ಬದಿಯಲ್ಲಿ ಅಲೆ, ಕೆಳಗೆ ರಾಶಿ ಹಾಕಿದ ಕಲ್ಲುಗಳ ಸಂದಿಯಲ್ಲಿ ನೀರು ನುಗ್ಗಿ ಹಿಂದೆ ಸರಿಯುವುದು. ಅದೇ ತೋಡು, ಅದೇ ಕಾಲುಸಂಕ. ಮೊದಲ ದಿನ ಕಂಬಿ ಹಿಡಿದ ಬೆರಳು ಬಿಳಿಚಿಕೊಂಡಿದ್ದವು. ಗಟ್ಟಿಯಾಗಿ ಹಿಡಿದಷ್ಟೂ ಭಯ ಹಿಡಿದುಕೊಂಡೇ ಇರುತ್ತದೆ ಎಂದು ಗೊತ್ತಾದದ್ದು ಇಲ್ಲಿ. ಮೊದಲು ಒಂದು ಕೈ ಬಿಟ್ಟೆ. ಮುಂದಿನ ವಾರ ಕಂಬಿಯ ಮೇಲೆ ಎರಡು ಬೆರಳು. ಆಮೇಲೆ ಕಂಬಿಯಿಂದ ಒಂದು ಗೇಣು ದೂರ ಕೈ ಇಟ್ಟುಕೊಂಡು ನಡೆದೆ. ಅಲೆಯನ್ನು ನೋಡದೆ, ಮೂರು ಮಾರು ಮುಂದಿನ ನೆಲವನ್ನು ನೋಡುವುದನ್ನು ರೂಢಿ ಮಾಡಿದೆ. ನನ್ನ ಗಂಡ ಮತ್ತು ಮಗಳು ಹಿಂದೆ ಬರುತ್ತಿದ್ದರು. ನನಗಿಂತ ಮುಂದೆ ನಡೆಯಬಾರದು, ಕರೆಯಬಾರದು ಎಂಬುದು ನಮ್ಮೊಳಗಿನ ಒಪ್ಪಂದ.

ಗೊಮ್ಮಟ ಬೆಟ್ಟಕ್ಕೆ ಹೋದದ್ದು ಡಿಸೆಂಬರಿನ ಒಂದು ಬೆಳಿಗ್ಗೆ, ಅಮ್ಮನ ಜೊತೆ. ಬೋಳು ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು. ಅಮ್ಮ ನನಗೆ ಏನೂ ಹೇಳಲಿಲ್ಲ, ತಮ್ಮ ಮಂಡಿಯ ನೆಪದಲ್ಲಿ ಹತ್ತು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದರು. ನಾನೂ ಕೂರುತ್ತಿದ್ದೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಮೂರ್ತಿಯ ಎದುರು ನಿಂತಾಗ ಕತ್ತೆತ್ತಿ ನೋಡಿದೆ. ಮೇಲೆ ನೋಡಿದರೂ ತಲೆ ತಿರುಗಲಿಲ್ಲ. ಆಚೆ ಕೆಳಗೆ ಚತುರ್ಮುಖ ಬಸದಿ ಕಾಣುತ್ತಿತ್ತು. ಅಮ್ಮ ನನ್ನ ಕೈ ಮೇಲೆ ಕೈ ಇಟ್ಟರು. ನೋಟ್‌ಬುಕ್‌ನಲ್ಲಿ ಆ ದಿನದ ಅಂಕ ಬರೆಯಲು ಮರೆತಿದ್ದೇನೆ.

ಉಳಿದದ್ದು ಕಾಪು. ಅಲ್ಲಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಸ್ತಂಭದ ಎತ್ತರವೇ 27 ಮೀಟರ್, ಅದು ನಿಂತಿರುವುದು ಕಡಲಂಚಿನ ಬಂಡೆಯ ಮೇಲೆ. ಸಂಜೆ ಹೊತ್ತು ಟಿಕೆಟ್ ತೆಗೆದುಕೊಂಡು ಹತ್ತಬಹುದು. ಮೊದಲ ವಾರ ಬಂಡೆಯ ಮೇಲೆ ಮಾತ್ರ ಕೂತು ಬಂದೆ. ಎರಡನೆಯ ವಾರ ಒಳಗಿನ ಮೆಟ್ಟಿಲಲ್ಲಿ, ಹಿಂದೆ ಅತ್ತ ಜಾಗದವರೆಗೆ. ಅಲ್ಲಿ ನಿಂತು ಗೋಡೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಮೂರನೆಯ ವಾರ ಮೇಲೆ. ಹೊರಗೆ ಕಾಲಿಟ್ಟ ಕೂಡಲೇ ಗಾಳಿ ಮುಖಕ್ಕೆ ಹೊಡೆಯಿತು, ಎದೆ ಬಾಯಿಗೆ ಬಂತು. ಬೆನ್ನು ಗೋಡೆಗೆ ಒತ್ತಿ, ಎದುರಿನ ಕಂಬಿಯ ಮೇಲಿದ್ದ ತುಕ್ಕಿನ ಒಂದು ಕಲೆಯನ್ನೇ ನೋಡುತ್ತಾ ನಿಂತೆ. ಕೆಳಗಿನಿಂದ ಹತ್ತಿ ಬಂದ ಹಿರಿಯ ಹೆಂಗಸೊಬ್ಬರು ನನ್ನನ್ನು ನೋಡಿ, “ಪೋಡಿಗೆಯಾ?” (ಹೆದರಿಕೆಯಾ?) ಎಂದು ತುಳುವಿನಲ್ಲಿ ಮೆಲ್ಲಗೆ ಕೇಳಿದರು. ಹೌದು ಎಂದೆ. ಅವರು ಬೇರೇನೂ ಹೇಳದೆ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತರು. ಹನ್ನೊಂದನೆಯ ನಿಮಿಷಕ್ಕೆ ತುಕ್ಕಿನ ಕಲೆಯಿಂದ ಕಣ್ಣೆತ್ತಿದೆ. ಬಡಗಣಕ್ಕೆ ಮಟ್ಟುವಿನ ಕಡೆಗೆ ಹೋಗುವ ಬಿಳಿ ನೊರೆಯ ಗೆರೆ, ಅದರ ಪಕ್ಕ ತೆಂಗಿನ ಸಾಲು. ಇಪ್ಪತ್ತು ವರ್ಷದಿಂದ ನಾನು ಈ ಊರಿನ ಸೊಸೆ, ನನ್ನ ಊರನ್ನು ಅಂದು ಮೊದಲ ಸಲ ನೋಡಿದೆ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಭಯ ಬೇರೆ, ಅಪಾಯ ಬೇರೆ. ನಾನು ಕಲಿತದ್ದು ಕಂಬಿ ಇರುವ ಕಡೆ ನಿಲ್ಲುವುದನ್ನು. ಒದ್ದೆ ಬಂಡೆಯ ತುದಿಗೆ ಹೋಗಲು ನಾನು ಈಗಲೂ ಒಪ್ಪುವುದಿಲ್ಲ, ಮಳೆಗಾಲದಲ್ಲಂತೂ ಕಡಲ ಬಂಡೆಯ ಹತ್ತಿರವೂ ಸುಳಿಯುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದ ಮೂವರು ವಿದ್ಯಾರ್ಥಿಗಳು ನೀರುಪಾಲಾದದ್ದನ್ನು ಈ ಊರು ಮರೆತಿಲ್ಲ. ಅಂಥ ಜಾಗದಲ್ಲಿ ಕಾಲು ಹಿಂಜರಿದರೆ ಆ ಕಾಲಿನ ಮಾತು ಕೇಳಬೇಕು.

ಮಗಳನ್ನು ನಾನು ಹತ್ತು ಎಂದು ಒಮ್ಮೆಯೂ ಹೇಳಲಿಲ್ಲ. ನನ್ನ ಐದನೆಯ ಸಲಕ್ಕೆ ಅವಳೇ ಟಿಕೆಟ್ ಕೇಳಿದಳು. ಕಾಪುವಿನ ಮೆಟ್ಟಿಲಲ್ಲಿ ಯಾರಾದರೂ ಗೋಡೆಗೆ ಒರಗಿ ನಿಂತಿದ್ದರೆ ದಯವಿಟ್ಟು ಕೈ ಹಿಡಿದು ಎಳೆಯಬೇಡಿ, ನಗಬೇಡಿ. ಹೊತ್ತಿದ್ದರೆ ಪಕ್ಕದಲ್ಲಿ ಹನ್ನೊಂದು ನಿಮಿಷ ನಿಂತುಕೊಳ್ಳಿ.