ಬಾಳೆ ಎಲೆ, ಚೊಂಬು ಮತ್ತು ಒತ್ತಕ್ಷರದ ಜಾಗ

ಮದುವೆ ಮನೆಯಲ್ಲಿ ಎಲೆ ಹಾಕಿ, ನೀರು ಚಿಮುಕಿಸಿ, ಬಡಿಸುವವರು ಬರುವ ತನಕ ನಮ್ಮೆಲ್ಲರ ಕೈ ಮೊಬೈಲಿಗೆ ಹೋಗುತ್ತೆ. ಆ ಎರಡು ನಿಮಿಷ ಎದುರಿಗಿರುವ ಎಲೆಯನ್ನೇ ನೋಡಿ. ತುದಿ ನಮ್ಮ ಎಡಕ್ಕೆ, ಅಗಲವಾದ ಭಾಗ ಬಲಕ್ಕೆ. ಉಣ್ಣುವುದು ಬಲಗೈಯಲ್ಲಿ, ಹಾಗಾಗಿ ಕೈ ಆಡಿಸೋಕೆ ಜಾಗ ಬೇಕಾದದ್ದೂ ಆ ಕಡೆಗೇ. ನಡುವಿನ ದಿಂಡು ಎಲೆಯನ್ನು ಎರಡು ಪಟ್ಟಿ ಮಾಡಿದೆ. ದಿಂಡಿನ ಆಚೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು, ಅಂದರೆ ಸ್ವಲ್ಪ ಸ್ವಲ್ಪವೇ ಬೇಕಾದವು. ಈಚೆ, ನಮ್ಮ ಮಡಿಲಿನ ಕಡೆಯ ಅರ್ಧದಲ್ಲಿ, ಅನ್ನ. ಊಟದ ಕ್ರಮ ಊರಿಂದೂರಿಗೆ ಬದಲಾಗುತ್ತೆ. ಪಾಯಸ ಯಾವ ಮೂಲೆಗೆ ಅನ್ನೋದಕ್ಕೆ ಜಗಳಕ್ಕೆ ನಿಲ್ಲುವ ಅಜ್ಜಿಯರೂ ಇದ್ದಾರೆ. ಆದರೆ ಎಲ್ಲ ಊರಿನಲ್ಲೂ ಒಂದು ಮಾತು ಸಮಾನ: ಎಲೆ ಖಾಲಿ ಇದೆ ಅಂತ ಯಾರೂ ಮೊದಲ ಸುತ್ತಿನಲ್ಲೇ ಅದನ್ನು ತುಂಬಿಸಲ್ಲ. ಈಚೆಗಿನ ಜಾಗ ಇನ್ನೂ ಬರಬೇಕಾದ ಸಾರು, ಹುಳಿ, ಮಜ್ಜಿಗೆಗಳ ಪಾಲಿಗೆ ಬಿಟ್ಟಿರುವುದು.

ಇದನ್ನು ನಮ್ಮ ಹಾಸ್ಟೆಲ್ ಮೆಸ್ಸಿನ ಖಾನೆ ತಟ್ಟೆಯ ಪಕ್ಕ ಇಟ್ಟು ನೋಡಿ. ತಟ್ಟೆಯಲ್ಲಿ ಖಾನೆಗಳನ್ನು ಅಚ್ಚು ಹೊಡೆದೇ ಕೊಟ್ಟಿದ್ದಾರೆ. ಚಪಾತಿ ಇರುವ ದಿನ ದೊಡ್ಡ ಖಾನೆಯಿಂದ ಚಪಾತಿ ಹೊರಚಾಚುತ್ತೆ, ಬಿಸಿಬೇಳೆಬಾತ್ ದಿನ ಸಣ್ಣ ಖಾನೆಗಳೆಲ್ಲ ದಂಡ. ಎಲೆಯಲ್ಲಿ ಒಂದೂ ಗೋಡೆ ಇಲ್ಲ, ಆದರೂ ಪ್ರತಿ ಪದಾರ್ಥಕ್ಕೂ ಮನೆ ಇದೆ, ಆ ಮನೆ ಬೇಕಾದಂತೆ ಹಿಗ್ಗುತ್ತೆ, ಕುಗ್ಗುತ್ತೆ. ತಟ್ಟೆ ತೊಳೆಯೋದು ಸುಲಭ, ಸಾಲಿನಲ್ಲಿ ನಿಂತು ಹಿಡಿಯೋದು ಸುಲಭ ಅನ್ನೋದನ್ನೂ ಒಪ್ಪಬೇಕು. ಆದರೂ ಲೇಔಟ್ ಅಂತ ನೋಡಿದರೆ ನಮ್ಮ ವೋಟು ಎಲೆಗೆ.

ಡಿಸೈನ್ ಓದುವವರಿಗೆ ಮೊದಮೊದಲು ಕೊಡುವ ಅಭ್ಯಾಸಗಳಲ್ಲಿ ಒಂದು ಹೀಗಿದೆ: ಒಂದು ಕುರ್ಚಿ ಇಟ್ಟು, ಅದನ್ನು ಬಿಡಿಸಬೇಡಿ, ಅದರ ಕಾಲುಗಳ ನಡುವೆ, ಕೈ ಮತ್ತು ಬೆನ್ನಿನ ನಡುವೆ ಕಾಣುವ ಖಾಲಿ ಆಕಾರಗಳನ್ನು ಮಾತ್ರ ಬಿಡಿಸಿ ಅನ್ನುತ್ತಾರೆ. ಖಾಲಿ ಜಾಗಗಳನ್ನು ಸರಿಯಾಗಿ ಬಿಡಿಸಿದರೆ ಕುರ್ಚಿ ತಾನಾಗಿ ಕಾಗದದ ಮೇಲೆ ಬಂದು ಕೂತಿರುತ್ತೆ. ನೆಗೆಟಿವ್ ಸ್ಪೇಸ್ ಅಂತ ಅದಕ್ಕೆ ಹೆಸರು. ನಾವು ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಎಳೆದದ್ದು ಬರೀ ವಸ್ತುವಿನ ಅಂಚುಗಳು: ಟಾಪ್ ವ್ಯೂ, ಫ್ರಂಟ್ ವ್ಯೂ, ಕಾಣದ ಅಂಚಿಗೆ ತುಂಡು ಗೆರೆ. ಅಂಚಿನ ಹೊರಗೆ ಏನಿದೆ ಅಂತ ಯಾರೂ ಕೇಳಲಿಲ್ಲ, ಅದಕ್ಕೆ ಮಾರ್ಕ್ಸೂ ಇರಲಿಲ್ಲ.

ಚೊಂಬಿನ ವಿಷಯಕ್ಕೆ ಬರೋಣ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನು ಭಾರತ ಸರ್ಕಾರ ಕರೆಸಿಕೊಂಡು, ಇಲ್ಲಿನ ವಿನ್ಯಾಸ ಶಿಕ್ಷಣ ಹೇಗಿರಬೇಕು ಅಂತ ಕೇಳಿತು. 1958ರಲ್ಲಿ ಅವರು ಕೊಟ್ಟ 'ಇಂಡಿಯಾ ರಿಪೋರ್ಟ್' ಆಧಾರದ ಮೇಲೆ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ಶುರುವಾಯಿತು. ಆ ವರದಿಯಲ್ಲಿ ಅವರು ಹಾಡಿ ಹೊಗಳಿದ ವಸ್ತು ಅರಮನೆಯದ್ದೂ ಅಲ್ಲ, ಮ್ಯೂಸಿಯಮ್ಮಿನದ್ದೂ ಅಲ್ಲ. ಹಿಂದಿಯವರು ಲೋಟಾ ಅನ್ನುವ, ನಮ್ಮ ಮನೆಗಳ ಚೊಂಬು ಅಥವಾ ತಂಬಿಗೆ.

ಅವರು ಚೊಂಬನ್ನು ಹೊಗಳಿದ ರೀತಿ ಎಂಜಿನಿಯರುಗಳಿಗೆ ಇಷ್ಟವಾಗುವಂಥದ್ದು. ಇಂಥದ್ದೊಂದನ್ನು ಇವತ್ತು ಹೊಸದಾಗಿ ಮಾಡಬೇಕಾದರೆ ಏನೇನು ಲೆಕ್ಕ ಹಾಕಬೇಕು ಅಂತ ಪಟ್ಟಿ ಮಾಡುತ್ತಾ ಹೋಗುತ್ತಾರೆ. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಎಷ್ಟು ದೊಡ್ಡದು? ಸೊಂಟದ ಮೇಲೋ, ತಲೆಯ ಮೇಲೋ? ತುಂಬಿದಾಗ ಗುರುತ್ವ ಕೇಂದ್ರ ಎಲ್ಲಿ, ಖಾಲಿಯಾದಾಗ ಎಲ್ಲಿ? ನೀರು ಸುರಿಯುವಾಗ ಹೇಗೆ ಹರಿಯುತ್ತೆ, ತುಂಬುವಾಗ ಹೇಗೆ, ತೊಳೆಯುವಾಗ ಹೇಗೆ? ನೆಲಕ್ಕಿಟ್ಟಾಗ ಯಾವ ಸದ್ದು? ಕೊನೆಗೆ ಹಳೇ ಲೋಹವಾಗಿ ಮಾರಿದರೆ ಏನು ಗಿಟ್ಟುತ್ತೆ? ಇಷ್ಟನ್ನೂ ಒಬ್ಬನೇ ಕೂತು ಬಿಡಿಸಿದ್ದಲ್ಲ, ತಲೆಮಾರುಗಳ ಕಾಲ ಎಷ್ಟೋ ಜನ ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತಾ ಬಂದದ್ದು ಅನ್ನೋದು ಅವರ ಮಾತಿನ ಸಾರ.

ನಾವು ಒಂದು ಚೊಂಬು ತಂದು ಮೇಜಿನ ಮೇಲಿಟ್ಟು ಕುರ್ಚಿಯ ಅಭ್ಯಾಸವನ್ನೇ ಮಾಡಿದೆವು. ಹೊಟ್ಟೆ ಉಬ್ಬಿದೆ, ಕತ್ತು ಒಳಗೆ ಹೋಗಿದೆ, ಬಾಯಿ ಮತ್ತೆ ಹೊರಕ್ಕೆ ಬಾಗಿದೆ. ಚೊಂಬನ್ನು ಬಿಟ್ಟು ಕತ್ತಿನ ಪಕ್ಕದ ಖಾಲಿ ಆಕಾರವನ್ನು ಬಿಡಿಸಿದರೆ ಅದು ಬೆರಳು ಕೂರುವ ಜಾಗ. ಬಾವಿಗೆ ಇಳಿಸುವಾಗ ಹಗ್ಗದ ಕುಣಿಕೆ ಕೂರುವುದೂ ಅಲ್ಲೇ. ಬಾಯಿ ಹೊರಕ್ಕೆ ಬಾಗಿರುವುದರಿಂದ ಕುಣಿಕೆ ಮೇಲಕ್ಕೆ ಜಾರುವುದಿಲ್ಲ, ಒದ್ದೆ ಕೈಯೂ ಜಾರುವುದಿಲ್ಲ. ಚೊಂಬಿಗೆ ಹಿಡಿ ಇಲ್ಲ ಅನ್ನುತ್ತೇವಲ್ಲ, ಇದೆ. ಅದನ್ನು ಗಾಳಿಯಲ್ಲಿ ಮಾಡಿಟ್ಟಿದ್ದಾರೆ.

ರಂಗೋಲಿಯಲ್ಲಿ ಇದೇ ವಿಷಯ ಗಣಿತವಾಗುತ್ತೆ. ಎಳೆ ರಂಗೋಲಿ ಹಾಕುವಾಗ ಮೊದಲು ಚುಕ್ಕಿ, ಆಮೇಲೆ ಎಳೆ. ಎಳೆ ಚುಕ್ಕಿಯನ್ನು ಮುಟ್ಟುವುದಿಲ್ಲ, ಸುತ್ತಿಕೊಂಡು ಹೋಗುತ್ತದೆ, ಹಾಗಾಗಿ ಪ್ರತಿ ಚುಕ್ಕಿಗೂ ತನ್ನದೇ ಒಂದು ಖಾಲಿ ಅಂಗಳ ಉಳಿಯುತ್ತೆ. 7 ಚುಕ್ಕಿಯ 7 ಸಾಲನ್ನು ನೇರವಾಗಿ ಇಟ್ಟರೆ 49 ಚುಕ್ಕಿ, ಚೌಕದ ಜಾಲ. ಒಳಗಿನ ಪ್ರತಿ ಚುಕ್ಕಿಗೆ ಸಮಾನ ದೂರದಲ್ಲಿ 4 ನೆರೆಯವರು. ಮಧ್ಯದಲ್ಲಿ 9 ಇಟ್ಟು, ಸಂದಿನಲ್ಲಿ ಸಂದು ಬರುವಂತೆ ಎರಡೂ ಕಡೆ 8, 7, 6, 5 ಅಂತ ಇಳಿಸುತ್ತಾ ಹೋದರೆ ಒಟ್ಟು 61 ಚುಕ್ಕಿ, ಹೊರಗಿನ ಆಕಾರ ಷಟ್ಕೋನ. ಈಗ ಒಳಗಿನ ಚುಕ್ಕಿಗೆ ನೆರೆಯವರು 6. ಮೆಟೀರಿಯಲ್ ಸೈನ್ಸ್ ಪುಸ್ತಕದಲ್ಲಿ ಪರಮಾಣುಗಳ ಒತ್ತೊತ್ತಾದ ಪದರ ಅಂತ ನಾವು ಉರು ಹೊಡೆದ ಚಿತ್ರವೇ ಇದು. ಹಬ್ಬದ ದಿನ ಹೊಸಿಲ ಮುಂದೆ ಕೂತವರು ಗ್ರಾಫ್ ಶೀಟ್ ಇಲ್ಲದೆ, ಬರೀ ಬೆರಳಿನ ಅಂದಾಜಿನಲ್ಲಿ ಅದನ್ನು ಹಾಕುತ್ತಾರೆ.

ತಮಿಳುನಾಡಿನಲ್ಲಿ ಇದರ ಅಕ್ಕ ಅನ್ನಬಹುದಾದ ಕೋಲಂ ಇದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿದ್ದ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಅವರ ಜೊತೆಗಾರ್ತಿ ಕಮಲಾ ಕೃತಿವಾಸನ್ 1974ರಲ್ಲಿ ಕೋಲಂಗಳನ್ನು ಅರೇ ಗ್ರಾಮರ್‌ಗಳ ಮೂಲಕ ವಿವರಿಸಿ ಪ್ರಬಂಧ ಪ್ರಕಟಿಸಿದರು. ಫಾರ್ಮಲ್ ಲ್ಯಾಂಗ್ವೇಜ್ ಪೇಪರು ಬರೀ ಕಂಪೈಲರ್‌ಗೆ ಅಂದುಕೊಂಡಿರುವ ಸಿಎಸ್ ಗೆಳೆಯರು ಗಮನಿಸಿ!

ಚಿತ್ರಕಲೆಯಿಂದ ಒಂದೇ ಉದಾಹರಣೆ ಸಾಕು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಹುಡುಕಿ ನೋಡಿ, ಅದರಲ್ಲೂ ನೃತ್ಯದ ಚಿತ್ರಗಳನ್ನು. ಕೆಲವೇ ಗೆರೆ, ಉಳಿದದ್ದೆಲ್ಲ ಬರೀ ಕಾಗದ. ನರ್ತಕಿಯ ಬೆನ್ನನ್ನು ಪೂರ್ತಿ ಎಳೆಯದೇ ಬಿಟ್ಟ ಕಡೆ ನಮ್ಮ ಕಣ್ಣೇ ಅದನ್ನು ಮುಗಿಸುತ್ತೆ, ಆ ಮುಗಿಸುವ ಕೆಲಸದಲ್ಲೇ ಚಿತ್ರ ಅಲುಗಾಡಿದ ಹಾಗೆ ಅನ್ಸುತ್ತೆ.

ಇಷ್ಟೆಲ್ಲ ಪೀಠಿಕೆ ಯಾಕಂದ್ರೆ, ನಮ್ಮ ಕ್ಲಬ್ಬಿನವರು ಪದೇಪದೇ ಕೇಳುವ ಒಂದು ದೂರು: "ಕನ್ನಡದಲ್ಲಿ ಪೋಸ್ಟರ್ ಮಾಡಿದ್ರೆ ಗಿಜಿಗಿಜಿ ಅನ್ಸುತ್ತೆ ಮಗಾ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರ್ದುಬಿಡೋಣ." ಲಿಪಿಯ ಮೇಲೆ ಬಿದ್ದಿರುವ ಈ ಆಪಾದನೆ ನಮ್ಮ ಪ್ರಕಾರ ತಪ್ಪು. ಕನ್ನಡ ಅಕ್ಷರ ಕೇಳುವ ಜಾಗ ಬೇರೆ, ನಾವು ಕೊಡುತ್ತಿರುವ ಜಾಗ ಬೇರೆ.

ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಗೆರೆಯಿಂದ ಕೆಳಕ್ಕೆ ಇಳಿಯುವುದು ಜಿ, ಜೆ, ಪಿ, ಕ್ಯೂ, ವೈ, ಇಷ್ಟೇ. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹಾಕಿಬಿಟ್ಟರೆ ಬಹುತೇಕ ಒಂದೂ ಇಳಿಯಲ್ಲ. ಇಟ್ಟಿಗೆ ಸಾಲಿನ ಹಾಗೆ ಜೋಡಿಸಬಹುದು. ಕನ್ನಡದಲ್ಲಿ ತಲೆಕಟ್ಟು, ಗುಡಿಸು ಮೇಲಿನ ಜಾಗ ಕೇಳುತ್ತವೆ, ಕೊಂಬು ಮತ್ತು ದೀರ್ಘ ಬಲಕ್ಕೆ ಚಾಚುತ್ತವೆ, ಒತ್ತು ಕೆಳಗೆ ಇಳಿಯುತ್ತೆ. 'ಕನ್ನಡ' ಅನ್ನುವ ಪದದಲ್ಲೇ ಕೆಳಗೊಂದು ಒತ್ತಿದೆ. 'ಕರ್ನಾಟಕ' ಬರೆದರೆ ಅರ್ಕಾವತ್ತು ಪಕ್ಕದಲ್ಲಿ ಜಾಗ ಹಿಡಿಯುತ್ತೆ. 'ರಾಜ್ಯೋತ್ಸವ'ದಲ್ಲಿ ಎರಡು ಒತ್ತು. 'ರಾಷ್ಟ್ರೀಯ'ದ ನಡುವಿನ ಅಕ್ಷರಕ್ಕೆ ಒತ್ತೂ ಎರಡು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆದಾಗ ಹುಟ್ಟುವುದೇ ಆ ಗಿಜಿಗಿಜಿ.

ಪೋಸ್ಟರಿನಲ್ಲಿ ಇದು ಬರೀ ಅಂದದ ಪ್ರಶ್ನೆ. ನಾವು ನಾಳೆ ಬರೆಯುವ ಆ್ಯಪ್‌ಗಳಲ್ಲಿ ಹಾಗಲ್ಲ. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಳತೆಗೆ ಕಟ್ಟಿಹಾಕಿ, ಹೊರಗೆ ಉಳಿದದ್ದನ್ನು ಮರೆಮಾಡು ಅಂತ ಒಂದು ಸಾಲು ಕೋಡ್ ಬರೆದರೆ ಮೊದಲು ಕತ್ತರಿ ಬೀಳುವುದು ಒತ್ತಿಗೆ. ಆಗ 'ಕತ್ತೆ' ಕತೆಯಾಗುತ್ತೆ, 'ಹಳ್ಳಿ' ಹಳಿಯಾಗುತ್ತೆ, 'ಎಲ್ಲೆ' ಎಲೆಯಾಗುತ್ತೆ. ನಗು ಬರುತ್ತೆ ನಿಜ. ಆದರೆ ತಾತನಿಗೆ ಹೊತ್ತು ಹೊತ್ತಿಗೆ ಔಷಧಿ ನೆನಪಿಸುವ ಆ್ಯಪಿನಲ್ಲಿ 'ಮಾತ್ರೆ' ಹೋಗಿ 'ಮಾತೆ' ಅಂತ ಕಂಡರೆ? ತಾತ ಎರಡು ಸಲ ಕಣ್ಣುಜ್ಜಿಕೊಂಡು, ಮೊಮ್ಮಗನನ್ನು ಕರೆದು, "ಇದನ್ನ ಇಂಗ್ಲಿಷಿಗೇ ಹಾಕ್ಕೊಡಪ್ಪ" ಅನ್ನುತ್ತಾರೆ. ಕನ್ನಡದ ಬಳಕೆದಾರ ಒಬ್ಬ ಕಡಿಮೆಯಾದ. ಮುಂದೆ ಮೀಟಿಂಗಿನಲ್ಲಿ ಅದೇ ಲೆಕ್ಕ ತೋರಿಸಿ, ಕನ್ನಡಕ್ಕೆ ಬೇಡಿಕೆ ಇಲ್ಲ ಅನ್ನುತ್ತಾರೆ.

ಅಕ್ಷರದ ಒಳಗಿನ ಜಾಗವೂ ಇಷ್ಟೇ ಮುಖ್ಯ. 'ದನ'ಕ್ಕೂ 'ಧನ'ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು. ಬ–ಭ, ಡ–ಢ ಕೂಡ ಹಾಗೇ. ಸಣ್ಣ ಅಳತೆಯಲ್ಲಿ ದಪ್ಪ ಫಾಂಟ್ ಹಾಕಿದರೆ ಶಾಯಿಯೋ ಪಿಕ್ಸೆಲ್ಲೋ ಆ ಸೀಳನ್ನು ನುಂಗಿಬಿಡುತ್ತೆ. ಇಂಗ್ಲಿಷಿನಲ್ಲಿ ಒತ್ತಿ ಹೇಳಬೇಕಾದರೆ ದಪ್ಪಕ್ಷರ, ದೊಡ್ಡಕ್ಷರ, ಓರೆಯಕ್ಷರ ಇವೆ. ನಮ್ಮಲ್ಲಿ ದೊಡ್ಡಕ್ಷರ ಅನ್ನುವುದೇ ಇಲ್ಲ, ದುಂಡು ಅಕ್ಷರವನ್ನು ಓರೆ ಮಾಡಿದರೆ ನಮ್ಮ ಕಣ್ಣಿಗೆ ಅದು ಬಿದ್ದುಹೋಗುತ್ತಿರುವ ಹಾಗೆ ಕಾಣುತ್ತೆ. ಕನ್ನಡದಲ್ಲಿ ಒಂದು ಪದ ಎದ್ದು ಕಾಣಬೇಕಾದರೆ ಅದರ ಸುತ್ತ ಜಾಗ ಬಿಡುವುದೇ ಹೆಚ್ಚು ಕೆಲಸ ಮಾಡುತ್ತೆ. ಹಳೆಯ ಮದುವೆ ಕರೆಯೋಲೆ ತೆಗೆದು ನೋಡಿ. ವಧೂವರರ ಹೆಸರಿನ ಮೇಲೆ, ಕೆಳಗೆ ಎಷ್ಟು ಬಿಟ್ಟಿದ್ದಾರೆ ಅಂತ ಸ್ಕೇಲು ಇಟ್ಟು ಅಳೆಯಿರಿ.

ಕೋಡ್ ಬರೆಯುವವರಿಗೆ ಇನ್ನೊಂದು ಮಾತು. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಆರು ಸಂಕೇತ: ಸ, ವಿರಾಮ ಚಿಹ್ನೆ, ತ, ಮತ್ತೊಂದು ವಿರಾಮ ಚಿಹ್ನೆ, ರ, ಕೊನೆಗೆ ಈ ಸ್ವರದ ಚಿಹ್ನೆ. ಪೈಥಾನಿನಲ್ಲಿ ಉದ್ದ ಕೇಳಿದರೆ 6 ಅಂತಲೇ ಉತ್ತರ ಬರುತ್ತೆ. "ಹೆಸರು 20 ಅಕ್ಷರ ಮೀರಬಾರದು" ಅಂತ ಫಾರ್ಮಿನಲ್ಲಿ ಸಂಕೇತಗಳನ್ನು ಎಣಿಸಿ ನಿಯಮ ಹಾಕಿದರೆ, ಒತ್ತಕ್ಷರ ಹೆಚ್ಚಿರುವ ಹೆಸರಿನವರು ತಮ್ಮ ಹೆಸರನ್ನೇ ಪೂರ್ತಿ ಬರೆಯಲಾಗದೆ ಕೂರಬೇಕಾಗುತ್ತೆ. ಅಕ್ಷರ ಅಂದರೆ ಎಷ್ಟು ಜಾಗ ಅನ್ನುವ ಪ್ರಶ್ನೆ ಪರದೆಯ ಮೇಲೆ ಮಾತ್ರ ಅಲ್ಲ, ಡೇಟಾಬೇಸಿನೊಳಗೂ ಇದೆ.

ಈ ತಿಂಗಳು ಮಾಡಿ ನೋಡಲು ಎರಡು ಕೆಲಸ. ಒಂದು, ಹಳೇ ರೆಕಾರ್ಡಿನ ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಕಿಟಕಿ ಕತ್ತರಿಸಿ, ಡಿಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನ ಮೇಲೆ ಆಡಿಸಿ. ಕಿಟಕಿಯಲ್ಲಿ ಕಾಣುವ ಅಕ್ಷರಗಳನ್ನು ಬಿಟ್ಟು, ಅವುಗಳ ನಡುವಿನ ಬಿಳಿ ಆಕಾರಗಳನ್ನು ಮಾತ್ರ ಪೆನ್ಸಿಲಿನಲ್ಲಿ ತುಂಬಿ. ಹತ್ತು ಚೀಟಿ ಹೀಗೆ ಮಾಡಿದರೆ ಯಾವ ನೋಟಿಸನ್ನು ಯಾರೂ ಓದುವುದಿಲ್ಲ, ಯಾಕೆ ಓದುವುದಿಲ್ಲ ಅಂತ ಗೊತ್ತಾಗುತ್ತೆ.

ಎರಡನೆಯದು ಪ್ರಾಜೆಕ್ಟ್ ಮಾಡುತ್ತಿರುವವರಿಗೆ. ನಿಮ್ಮ ಪುಟದ ಪ್ರತಿ ಬಟನ್ನು, ಪ್ರತಿ ಪೆಟ್ಟಿಗೆಯಲ್ಲೂ ಮೂರು ಪದ ಹಾಕಿ ಪರೀಕ್ಷಿಸಿ: ಮಾತ್ರೆ, ರಾಷ್ಟ್ರೀಯ, ಸ್ತ್ರೀ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6 ಪಟ್ಟಿನಿಂದ ಶುರು ಮಾಡಿ, ಫಾಂಟಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಪೆಟ್ಟಿಗೆಯ ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಬಿಗಿಯಬೇಡಿ, ಒಳಗಿನ ಪದಕ್ಕೆ ತಕ್ಕಂತೆ ಬೆಳೆಯಲು ಬಿಡಿ. ಆಮೇಲೆ ಅದೇ ಮೂರು ಪದಗಳನ್ನು ಒಂದರ ಕೆಳಗೊಂದು ಇಟ್ಟು ಫೋನಿನ ಸಣ್ಣ ಪರದೆಯಲ್ಲಿ, ಬಿಸಿಲಲ್ಲಿ ನಿಂತು, ಕೈ ಪೂರ್ತಿ ಚಾಚಿ ಓದಿ. ಕನ್ನಡಕ ಇರುವವರು ತೆಗೆದು ಓದಿ.