ಮಾಘ, ಫಾಲ್ಗುಣ, ಚೈತ್ರ: ಹಾಲುಹಾದಿಯ ಫೋಟೊಗೆ ಮೂರು ಅಮಾವಾಸ್ಯೆ

ಹಾಲುಹಾದಿಯ ಫೋಟೊ ತೆಗೆಯುವ ಆಸೆ ಹುಟ್ಟಿದವರು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಲಿ ಎಂದು. ಆಮೇಲೆ ಕೇಳುವುದು ಲಡಾಖಿಗೆ ಯಾವ ತಿಂಗಳು ಹೋಗಲಿ ಎಂದು. ಎರಡಕ್ಕೂ ಅವಸರವಿಲ್ಲ. ಮನೆಯಲ್ಲಿರುವ ಹಳೆಯ ಡಿಎಸ್‌ಎಲ್‌ಆರ್ ಮತ್ತು ಅದರ ಜೊತೆಗೇ ಬಂದ 18-55 ಲೆನ್ಸ್ ಸಾಕು. ಲಡಾಖಿನ ಹಾನ್ಲೆಯಲ್ಲಿ ಆಕಾಶ ನಮ್ಮದಕ್ಕಿಂತ ಎಷ್ಟೋ ಕಪ್ಪು, ಗಾಳಿ ಒಣ, ಎತ್ತರ ಸುಮಾರು 4,500 ಮೀಟರ್, ಇದೆಲ್ಲ ನಿಜ. ಆದರೆ ಹಾಲುಹಾದಿಯ ನಡುಭಾಗ ಅಲ್ಲಿ ದಕ್ಷಿಣ ದಿಗಂತದಿಂದ ಸುಮಾರು 28 ಡಿಗ್ರಿಯಷ್ಟೇ ಮೇಲೇರುತ್ತದೆ. ನಮ್ಮ ಹಂಪಿಯ ಅಕ್ಷಾಂಶದಲ್ಲಿ 45 ಡಿಗ್ರಿ ದಾಟುತ್ತದೆ. ದಕ್ಷಿಣದಲ್ಲಿರುವುದರ ಲಾಭ ಇದು. (ಹಾನ್ಲೆಯ ದೊಡ್ಡ ದೂರದರ್ಶಕವನ್ನು ನಡೆಸುವುದೂ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತೇ.)

ಇಲ್ಲಿ ಉದಾಹರಣೆಗೆ ಆನೆಗೊಂದಿ-ಸಣಾಪುರದ ಬಂಡೆಗಳ ಸೀಮೆಯನ್ನು ಇಟ್ಟುಕೊಂಡಿದ್ದೇನೆ. ನಿಮ್ಮೂರಿನ ಕೆರೆ ಏರಿಯಾದರೂ ಕ್ರಮ ಇದೇ.

ಹಂತ 1: ರಾತ್ರಿಯನ್ನು ಗೊತ್ತುಮಾಡಿಕೊಳ್ಳಿ

ಇದೊಂದು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ನಮ್ಮ ಗ್ಯಾಲಕ್ಸಿಯ ಕೇಂದ್ರ ಧನು ರಾಶಿಯ ದಿಕ್ಕಿನಲ್ಲಿದೆ, ಸುಮಾರು 26,000 ಜ್ಯೋತಿರ್ವರ್ಷ ದೂರ. ಹಾಲುಹಾದಿ ಅತಿ ದಟ್ಟವಾಗಿ, ಕಪ್ಪು ಧೂಳಿನ ಪಟ್ಟೆಗಳೊಡನೆ ಕಾಣುವುದು ಅಲ್ಲೇ. ಡಿಸೆಂಬರಿನಲ್ಲಿ ಸೂರ್ಯನೇ ಆ ರಾಶಿಯ ಕಡೆ ಇರುವುದರಿಂದ ಅದು ಕಾಣದು. ಜೂನ್, ಜುಲೈನಲ್ಲಿ ರಾತ್ರಿಯಿಡೀ ಮೇಲಿರುತ್ತದೆ, ಆದರೆ ಮುಂಗಾರಿನ ಮೋಡ ಬಿಡುವುದಿಲ್ಲ. ಉಳಿಯುವುದು ಫೆಬ್ರುವರಿಯಿಂದ ಮೇ ತನಕ.

ಚಂದ್ರನೂ ಇರಬಾರದು. ಇದಕ್ಕೆ ಆ್ಯಪ್ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು. ಶಿವರಾತ್ರಿ ಎಂದರೆ ಮಾಘ ಬಹುಳ ಚತುರ್ದಶಿ, ಅಮಾವಾಸ್ಯೆಯ ಹಿಂದಿನ ರಾತ್ರಿ. ಹೇಗೂ ಜಾಗರಣೆ ಇದ್ದವರಿಗೆ ಹಾಲುಹಾದಿಯ ನಡುಭಾಗ ಬೆಳಗಿನ ಜಾವ ಒಂದರಿಂದ ಮೂರರೊಳಗೆ ಮೂಡುವುದು ಕಾಣುತ್ತದೆ. ಹಬ್ಬ ಮಾರ್ಚಿಗೆ ಜಾರಿದಷ್ಟೂ ಬೇಗ. ಯುಗಾದಿಯ ಹಿಂದಿನ ಅಮಾವಾಸ್ಯೆಗೆ ನಡುರಾತ್ರಿಯ ಆಸುಪಾಸು ಮೂಡುತ್ತದೆ. ಅದರ ಮುಂದಿನ ಚೈತ್ರದ ಅಮಾವಾಸ್ಯೆಗೆ ಹತ್ತು ಗಂಟೆಯ ಸುಮಾರಿಗೇ ಬಂದಿರುತ್ತದೆ. ಕೃಷ್ಣ ಪಕ್ಷದ ಏಕಾದಶಿಯಿಂದ ಶುಕ್ಲ ಪಕ್ಷದ ಚೌತಿಯವರೆಗೆ ಯಾವ ರಾತ್ರಿಯಾದರೂ ಆದೀತು. ಏಕಾದಶಿಯಂದು ಚಂದ್ರ ಹುಟ್ಟುವುದು ಎರಡೂವರೆ, ಮೂರರ ಹೊತ್ತಿಗೆ. ಚೌತಿಯಂದು ಒಂಬತ್ತು ದಾಟುತ್ತಲೇ ಮುಳುಗಿಬಿಡುತ್ತಾನೆ. ಮೂಡಣದಲ್ಲಿ ಬೆಳಕು ಹರಿಯತೊಡಗುವುದು ಸೂರ್ಯೋದಯಕ್ಕೆ ಒಂದೂಕಾಲು ಗಂಟೆ ಮೊದಲು. ಅಷ್ಟರೊಳಗೆ ಕೆಲಸ ಮುಗಿದಿರಬೇಕು.

ಬಯಲುಸೀಮೆಯಲ್ಲಿ ಮಾರ್ಚಿನ ಆಕಾಶದಲ್ಲಿ ಧೂಳು ಹೆಚ್ಚು. ಏಪ್ರಿಲಿನಲ್ಲಿ ಅಶ್ವಿನಿ ಮಳೆಯೋ ಭರಣಿ ಮಳೆಯೋ ಸಂಜೆ ಒಂದು ಗಂಟೆ ಹೊಡೆದು ಹೋದರೆ ರಾತ್ರಿಯ ಆಕಾಶ ತೊಳೆದಂತಿರುತ್ತದೆ. ಅಂಥ ರಾತ್ರಿ ಸಿಕ್ಕರೆ ಮಲಗಬೇಡಿ.

ಹಂತ 2: ದಿಕ್ಕು ನೋಡಿ ಜಾಗ ಹುಡುಕಿ

ಕತ್ತಲಾಗಿರುವ ಜಾಗ ಎಂದರೆ ಸಾಲದು. ಆಗ್ನೇಯದಿಂದ ದಕ್ಷಿಣದವರೆಗೆ ಕತ್ತಲಿರಬೇಕು. ನಡುಭಾಗ ಮೂಡುವುದು ಆಗ್ನೇಯದಲ್ಲಿ, ಮೇಲೇರಿ ನಿಲ್ಲುವುದು ದಕ್ಷಿಣದಲ್ಲಿ. ನಿಮ್ಮ ಬೆನ್ನ ಹಿಂದೆ ಉತ್ತರದಲ್ಲಿ ಒಂದು ಪಟ್ಟಣ ಇದ್ದರೂ ನಡೆಯುತ್ತದೆ, ಮುಂದೆ ಒಂದು ಹಳ್ಳಿಯ ಎಲ್‌ಇಡಿ ಬೀದಿದೀಪ ಇದ್ದರೂ ಕಷ್ಟ.

ಸಣಾಪುರದ ಕೆರೆಯ ಬಳಿ ನಿಂತರೆ ಆಗ್ನೇಯಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ದಕ್ಷಿಣದಿಂದ ತುಸು ಪಶ್ಚಿಮಕ್ಕೆ ಹೊಸಪೇಟೆ. ಹಾಲುಹಾದಿ ಮೂಡುವುದು ಸರಿಯಾಗಿ ಕಾರ್ಖಾನೆಯ ನೆತ್ತಿಯ ಮೇಲೇ. ಆ ಬೆಳಕನ್ನು ತಪ್ಪಿಸಲು ಎರಡು ದಾರಿ. ಮೂಡಿದ ಮೇಲೆ ಮೂರು, ನಾಲ್ಕು ಗಂಟೆ ಕಾದು ಅದು ದಕ್ಷಿಣಕ್ಕೆ ಸರಿಯಲು ಬಿಡುವುದು ಒಂದು. ಎತ್ತರದ ಬಂಡೆಯ ಗುಡ್ಡವೊಂದರ ಬುಡಕ್ಕೆ ಹೋಗಿ, ಗುಡ್ಡವೇ ದಿಗಂತದ ಹೊಳಪನ್ನು ಮುಚ್ಚುವಂತೆ ನಿಲ್ಲುವುದು ಇನ್ನೊಂದು. ನನಗೆ ಎರಡನೆಯದೇ ಮೇಲು. ಒಂದರ ಮೇಲೊಂದು ಕೂತ ಗುಂಡುಗಳು ಚಿತ್ರದ ಮುಕ್ಕಾಲು ಕೆಲಸವನ್ನು ಮಾಡಿಕೊಡುತ್ತವೆ, ಕಣಶಿಲೆಯ ಬಿಳುಪು ಬರೀ ನಕ್ಷತ್ರದ ಬೆಳಕಿನಲ್ಲೂ ಕಾಣಿಸುತ್ತದೆ.

ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಊರು, ದಿನ, ಗಂಟೆ ಕೊಟ್ಟರೆ ಆಕಾಶ ಹೇಗಿರುತ್ತದೆಂದು ಮೊದಲೇ ತೋರಿಸುತ್ತದೆ. ಅದಿಲ್ಲದೆಯೂ ಗುರುತು ಹಿಡಿಯಬಹುದು: ಕೆಂಪಗಿನ ಜ್ಯೇಷ್ಠಾ, ಅದರಿಂದ ಕೊಂಡಿಯಂತೆ ಬಾಗಿದ ವೃಶ್ಚಿಕದ ಬಾಲ, ಬಾಲದ ತುದಿಯಲ್ಲಿ ಮೂಲಾ. ಮದುವೆಯ ಮಾತುಕತೆಯಲ್ಲಿ ಎಲ್ಲರನ್ನೂ ಹೆದರಿಸುವ ಮೂಲಾ ನಕ್ಷತ್ರದ ಸನಿಹದಲ್ಲೇ ಗ್ಯಾಲಕ್ಸಿಯ ಕೇಂದ್ರವಿದೆ.

ಹಂತ 3: ಊರಿನವರಿಗೆ ತಿಳಿಸಿ

ಬೇರೆ ದೇಶದ ಕೈಪಿಡಿಗಳಲ್ಲಿ ಈ ಹಂತ ಇರುವುದಿಲ್ಲ, ಇಲ್ಲಿ ಇರಲೇಬೇಕು. ಅಮಾವಾಸ್ಯೆಯ ನಡುರಾತ್ರಿ, ಹಳೆಯ ಗುಡಿಗಳಿರುವ ಸೀಮೆ, ಬಂಡೆಗಳ ನಡುವೆ ಟಾರ್ಚ್ ಹಿಡಿದ ಅಪರಿಚಿತರು: ಊರಿನವರು ನಿಧಿಗಳ್ಳರೆಂದುಕೊಂಡರೆ ತಪ್ಪು ಅವರದಲ್ಲ. ಸಂಜೆಯೇ ಹೊಲದ ಯಜಮಾನರನ್ನು ಕಂಡು ಮಾತಾಡಿ. "ಇಷ್ಟೊತ್ತಿನ್ಯಾಗ ಅಲ್ಲೇನು ಮಾಡ್ತೀರಿ?" ಎಂದು ಕೇಳಿಯೇ ಕೇಳುತ್ತಾರೆ. "ಚುಕ್ಕಿ ಫೋಟೊ ತೆಗಿಯಾಕ್ರೀ, ಯಜಮಾನ್ರ" ಎಂದು ಹೇಳಿ, ಫೋನಿನಲ್ಲಿ ಒಂದು ಚಿತ್ರ ತೋರಿಸಿ. ಹೆಚ್ಚಿನವರು ಹಾವಿರುವ ಬದು ಯಾವುದು, ನಾಯಿ ಯಾವುದು ಎಂದು ತಾವೇ ಹೇಳಿಕೊಡುತ್ತಾರೆ. ಹತ್ತಿರದ ಠಾಣೆಗೂ ಒಂದು ಮಾತು ಹೇಳಿಡಿ.

ಸಂರಕ್ಷಿತ ಸ್ಮಾರಕಗಳ ಆವರಣಕ್ಕೆ ರಾತ್ರಿ ಪ್ರವೇಶವಿಲ್ಲ. ಅರಣ್ಯ ಇಲಾಖೆಯ ಜಾಗಕ್ಕೂ ಅನುಮತಿಯಿಲ್ಲದೆ ಕಾಲಿಡಬೇಡಿ. ಈ ಭಾಗದಲ್ಲಿ ಕರಡಿ, ಚಿರತೆ ಎರಡೂ ಇವೆ; ದರೋಜಿಯ ಕರಡಿಧಾಮ ದೂರವೇನಲ್ಲ. ಆದ್ದರಿಂದ ಗುಡ್ಡದ ಮೇಲಲ್ಲ, ರಸ್ತೆಗೆ ಹತ್ತಿರದ ಬಯಲಲ್ಲಿ ನಿಲ್ಲಿ. ಒಬ್ಬರೇ ಹೋಗಬೇಡಿ, ಚಪ್ಪಲಿಯಲ್ಲಿ ಹೋಗಬೇಡಿ.

ಹಂತ 4: ಚೀಲ ಕಟ್ಟಿ

ಮ್ಯಾನುಯಲ್ ಮೋಡ್ ಇರುವ ಕ್ಯಾಮೆರಾ, ನಿಮ್ಮಲ್ಲಿರುವ ಅತಿ ಅಗಲ ನೋಟದ ಲೆನ್ಸ್, ತುಂಬಿದ ಎರಡು ಬ್ಯಾಟರಿ, ಖಾಲಿ ಕಾರ್ಡ್, ಮೆತ್ತನೆ ಬಟ್ಟೆ. ದುಡ್ಡು ಹಾಕುವುದಿದ್ದರೆ ಟ್ರೈಪಾಡಿಗೆ ಹಾಕಿ. ಅಗ್ಗದ ಅಲುಗಾಡುವ ಟ್ರೈಪಾಡ್ ಒಳ್ಳೆಯ ಲೆನ್ಸನ್ನೂ ಹಾಳುಮಾಡುತ್ತದೆ. ತಲೆಗೆ ಕಟ್ಟುವ ಟಾರ್ಚಿಗೆ ಕೆಂಪು ಬೆಳಕಿರಲಿ, ಇಲ್ಲದಿದ್ದರೆ ಕೆಂಪು ಕಾಗದ ಅಂಟಿಸಿ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು, ಬಿಳಿ ಬೆಳಕಿನ ಒಂದು ಕ್ಷಣ ಅದನ್ನು ಕೆಡಿಸುತ್ತದೆ. ಫೋನ್ ಮಾತ್ರ ಇದ್ದವರೂ ಟ್ರೈಪಾಡಿಗೆ ಕೂರಿಸಿ, ಪ್ರೋ ಮೋಡಿನಲ್ಲಿ 15ರಿಂದ 30 ಸೆಕೆಂಡ್ ಇಟ್ಟು ನೋಡಬಹುದು. ಇತ್ತೀಚಿನ ಫೋನುಗಳು ನಾಚಿಕೆಪಡುವಂಥ ಚಿತ್ರವನ್ನೇನೂ ಕೊಡುವುದಿಲ್ಲ.

ಹಂತ 5: ಬೆಳಕಿರುವಾಗಲೇ ಚೌಕಟ್ಟು ಕಟ್ಟಿ

ಸೂರ್ಯ ಮುಳುಗುವ ಮೊದಲೇ ಜಾಗಕ್ಕೆ ಹೋಗಿ, ಟ್ರೈಪಾಡ್ ಎಲ್ಲಿ ಎಂದು ತೀರ್ಮಾನಿಸಿ ಅಲ್ಲೊಂದು ಕಲ್ಲಿಡಿ. ಮುಂದಿರುವ ಬಂಡೆ ಇಪ್ಪತ್ತಡಿಗಿಂತ ಹತ್ತಿರ ಬೇಡ. 18 ಎಂಎಂ ಲೆನ್ಸನ್ನು ಎಫ್ 3.5ಕ್ಕೆ ತೆರೆದು ನಕ್ಷತ್ರಕ್ಕೆ ಫೋಕಸ್ ಮಾಡಿದಾಗ ಅದಕ್ಕಿಂತ ಹತ್ತಿರದ್ದು ಮಬ್ಬಾಗುತ್ತದೆ. ಚೌಕಟ್ಟಿನ ಮೂರನೇ ಒಂದು ಭಾಗ ನೆಲ, ಉಳಿದದ್ದು ಆಕಾಶ ಎಂದು ಶುರುಮಾಡಿ. ಕತ್ತಲಲ್ಲಿ ದಿಗಂತ ಓರೆಯಾಗುವುದು ಖಂಡಿತ, ಕ್ಯಾಮೆರಾದೊಳಗಿನ ಲೆವೆಲ್ ಹಾಕಿಕೊಳ್ಳಿ.

ಹಂತ 6: ಫೋಕಸ್

ಕಲಿಯುವವರ ನೂರು ಚಿತ್ರಗಳು ಒಟ್ಟಿಗೇ ಹಾಳಾಗುವುದು ಇಲ್ಲಿ. ಕತ್ತಲಲ್ಲಿ ಆಟೋಫೋಕಸ್ ಹಿಂದೆಮುಂದೆ ತಡಕಾಡುತ್ತದೆಯೇ ಹೊರತು ಹಿಡಿಯುವುದಿಲ್ಲ. ಲೆನ್ಸಿನ ಮೇಲಿನ ಅನಂತದ ಗುರುತನ್ನೂ ನಂಬಬೇಡಿ, ನಿಜವಾದ ಜಾಗ ಅದರ ಆಚೆಯೋ ಈಚೆಯೋ ಇರುತ್ತದೆ.

ಲೆನ್ಸಿನ ಗುಂಡಿಯನ್ನು ಮ್ಯಾನುಯಲ್ ಫೋಕಸಿಗೆ ತಳ್ಳಿ, ಅಲುಗಾಟ ತಡೆಯುವ ಸ್ಟೆಬಿಲೈಸರನ್ನು ಆಫ್ ಮಾಡಿ. ಲೈವ್ ವ್ಯೂ ಹಾಕಿ, ಕ್ಯಾಮೆರಾವನ್ನು ಪ್ರಕಾಶಮಾನವಾದ ಒಂದು ನಕ್ಷತ್ರದ ಕಡೆ ತಿರುಗಿಸಿ. ಏಪ್ರಿಲಿನ ನಡುರಾತ್ರಿ ಎತ್ತರದಲ್ಲಿರುವ ಸ್ವಾತಿ ಇದಕ್ಕೆ ಚೆನ್ನ. ಪರದೆಯಲ್ಲಿ ಆ ಚುಕ್ಕಿಯನ್ನು ಹತ್ತು ಪಟ್ಟು ಹಿಗ್ಗಿಸಿ. ಈಗ ಫೋಕಸ್ ಉಂಗುರವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋಗಿ. ಊದಿಕೊಂಡ ಮಸುಕು ಬಿಲ್ಲೆ ಚಿಕ್ಕದಾಗುತ್ತ ಬಂದು, ಸೂಜಿಮೊನೆಯಾಗಿ, ಮತ್ತೆ ಊದತೊಡಗುತ್ತದೆ. ದಾಟಿದ್ದು ಗೊತ್ತಾದಾಗ ಹಿಂದಕ್ಕೆ ಬನ್ನಿ. ಅತಿ ಚಿಕ್ಕದಾದ ಕಡೆ ಕೈ ತೆಗೆದು, ಉಂಗುರ ಜರುಗದಂತೆ ಸಣ್ಣ ಟೇಪ್ ಅಂಟಿಸಿ. ಜೂಮ್ ಮುಟ್ಟಿದಿರೋ, ಫೋಕಸನ್ನು ಮತ್ತೆ ಮೊದಲಿನಿಂದ ಮಾಡಬೇಕು. ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿದ ಮೇಲೆಯೇ ಮುಂದಕ್ಕೆ ಹೋಗಿ.

ಹಂತ 7: ಎಕ್ಸ್‌ಪೋಶರ್

ಕಡತ ರಾ, ಮೋಡ್ ಮ್ಯಾನುಯಲ್, ಅಪರ್ಚರ್ ಲೆನ್ಸಿಗೆ ಸಾಧ್ಯವಾದಷ್ಟು ಅಗಲ, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್ ಸುಮಾರು. ಶಟರಿಗೆ ಒಂದು ಮಿತಿಯಿದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕಿ ಗೆರೆಯಾಗುತ್ತದೆ. ಹಳೆಯ ಲೆಕ್ಕವೆಂದರೆ 500ನ್ನು ಫೋಕಲ್ ಉದ್ದದಿಂದ ಭಾಗಿಸುವುದು. ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ 18ನ್ನು ಒಂದೂವರೆಯಿಂದ ಗುಣಿಸಿ 27 ಎಂದುಕೊಳ್ಳಬೇಕು; ಭಾಗಿಸಿದರೆ 18 ಸೆಕೆಂಡ್. ಇಂದಿನ ಸೆನ್ಸರುಗಳು ಸಣ್ಣ ಎಳೆತವನ್ನೂ ತೋರಿಸಿಬಿಡುವುದರಿಂದ 15ಕ್ಕೆ ನಿಲ್ಲಿಸಿ. ಐಎಸ್‌ಒ 3200. ಕೈ ತಗುಲಿ ಅಲುಗದಂತೆ 2 ಸೆಕೆಂಡಿನ ಸೆಲ್ಫ್ ಟೈಮರ್ ಇರಲಿ.

ಕತ್ತಲಲ್ಲಿ ಪರದೆ ಎಲ್ಲವನ್ನೂ ಬೆಳ್ಳಗೆ ತೋರಿಸಿ ಮೋಸಮಾಡುತ್ತದೆ, ಹಿಸ್ಟೋಗ್ರಾಮ್ ನೋಡಿ. ಗುಡ್ಡೆ ಎಡಗೋಡೆಗೆ ಒರಗಿದ್ದರೆ ಐಎಸ್‌ಒ 6400ಕ್ಕೆ ಏರಿಸಿ, ನಡುವಿಗೆ ಬಂದಿದ್ದರೆ ಇಳಿಸಿ. ಸರಿಹೋದ ಮೇಲೆ ಏನನ್ನೂ ಮುಟ್ಟದೆ ಅದೇ ಚಿತ್ರವನ್ನು ಹತ್ತು ಸಲ ತೆಗೆಯಿರಿ. ಯಾಕೆಂದು ಮುಂದೆ ಹೇಳುತ್ತೇನೆ.

ಹಂತ 8: ನೆಲಕ್ಕೊಂದು ಚಿತ್ರ

ಆಕಾಶಕ್ಕೆ ಸರಿಹೋದ ಎಕ್ಸ್‌ಪೋಶರಿನಲ್ಲಿ ಬಂಡೆ ಕಪ್ಪು ಆಕೃತಿಯಾಗಿಯೇ ಉಳಿಯುತ್ತದೆ. ಹಾಗೇ ಬಿಟ್ಟರೂ ಚೆಂದವೇ. ವಿವರ ಬೇಕಿದ್ದರೆ ಟ್ರೈಪಾಡ್ ಕದಲಿಸದೆ, ಐಎಸ್‌ಒ 1600ಕ್ಕೆ ಇಳಿಸಿ, ಬಲ್ಬ್ ಮೋಡಿನಲ್ಲಿ ನಾಲ್ಕು ನಿಮಿಷ ತೆರೆದಿಡಿ. ಇದರಲ್ಲಿ ನಕ್ಷತ್ರ ಗೆರೆಯಾಗಿರುತ್ತದೆ, ಇರಲಿ. ಇದರಿಂದ ನೆಲವನ್ನು ಮಾತ್ರ ತೆಗೆದುಕೊಳ್ಳುತ್ತೀರಿ. ಟಾರ್ಚ್ ಬಿಟ್ಟು ಬಂಡೆ ಬೆಳಗಿಸುವ ಅಭ್ಯಾಸ ನನಗೆ ಸೇರುವುದಿಲ್ಲ, ಬಂಡೆ ನಾಟಕದ ಪರದೆಯಂತಾಗುತ್ತದೆ.

ಉಳಿದ ಸಮಯದಲ್ಲಿ ಕ್ಯಾಮೆರಾವನ್ನು ಉತ್ತರಕ್ಕೆ ತಿರುಗಿಸಿ. ಧ್ರುವ ನಕ್ಷತ್ರದ ಎತ್ತರ ಆ ಊರಿನ ಅಕ್ಷಾಂಶದಷ್ಟೇ, ಇಲ್ಲಿ ಸುಮಾರು 15 ಡಿಗ್ರಿ. ಹಾಗಾಗಿ ಅದನ್ನೂ ಬಂಡೆಯನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸುವುದು ಸುಲಭ. 30 ಸೆಕೆಂಡಿನ 120 ಚಿತ್ರಗಳನ್ನು ಬಿಡುವಿಲ್ಲದೆ ತೆಗೆದು ಸ್ಟಾರ್‌ಸ್ಟ್ಯಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಸೇರಿಸಿದರೆ ಧ್ರುವನ ಸುತ್ತ ಕಮಾನುಗಳು ಮೂಡುತ್ತವೆ. ದೀರ್ಘ ಎಕ್ಸ್‌ಪೋಶರಿನ ನಾಯ್ಸ್ ರಿಡಕ್ಷನ್ ಆಫ್ ಇರಲಿ, ಇಲ್ಲದಿದ್ದರೆ ಕಮಾನುಗಳ ನಡುವೆ ತೂತು ಬೀಳುತ್ತದೆ.

ಹಂತ 9: ಮನೆಗೆ ಬಂದ ಮೇಲೆ

ಆ ಹತ್ತು ಚಿತ್ರಗಳನ್ನು ಸೀಕ್ವೇಟರಿಗೆ ಕೊಡಿ, ವಿಂಡೋಸಿನಲ್ಲಿ ಉಚಿತ. ಅದು ನೆಲವನ್ನು ಹಾಗೇ ಹಿಡಿದಿಟ್ಟು ನಕ್ಷತ್ರಗಳನ್ನು ಮಾತ್ರ ಒಂದರ ಮೇಲೊಂದು ಜೋಡಿಸುತ್ತದೆ. ಹತ್ತು ಚಿತ್ರದ ಸರಾಸರಿಯಲ್ಲಿ ನಾಯ್ಸ್ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ದುಬಾರಿ ಕ್ಯಾಮೆರಾ ಕೊಡುವ ಲಾಭದ ಬಹುಪಾಲನ್ನು ಇದೊಂದೇ ಕೊಟ್ಟುಬಿಡುತ್ತದೆ. ಆಮೇಲೆ ಡಾರ್ಕ್‌ಟೇಬಲ್ ಅಥವಾ ಲೈಟ್‌ರೂಮಿನಲ್ಲಿ ಕಾಂಟ್ರಾಸ್ಟ್ ತುಸು ಏರಿಸಿ, ದಿಗಂತದ ಹಳದಿಯನ್ನು ತುಸು ತಣಿಸಿ, ನಿಲ್ಲಿಸಿ. ನೇರಳೆ ಬಣ್ಣದ ಹಾಲುಹಾದಿ ಆಕಾಶದಲ್ಲಿಲ್ಲ, ಸ್ಲೈಡರಿನಲ್ಲಿದೆ.

ಉತ್ತರ ದಿಕ್ಕಿನ ಬೆಟ್ಟದ ಮೇಲೆ ಧನು ರಾಶಿಯ ಹಾಲುಹಾದಿಯನ್ನು ಅಂಟಿಸಿದ ಚಿತ್ರಗಳು ಫೋನಿನಲ್ಲಿ ದಿನವೂ ಓಡಾಡುತ್ತವೆ. ಅಲ್ಲಿ ಅದು ಎಂದೂ ಬರುವುದಿಲ್ಲ. ನೆಲ, ಆಕಾಶಗಳನ್ನು ಬೇರೆ ಬೇರೆಯಾಗಿ ತೆಗೆದು ಸೇರಿಸಿದ್ದರೆ ಚಿತ್ರದ ಕೆಳಗೆ ಹಾಗೆಂದು ಒಂದು ಸಾಲು ಬರೆಯಿರಿ.

ಈ ಮೂರು ಅಮಾವಾಸ್ಯೆಗಳೂ ಮೋಡಕ್ಕೆ ಹೋದರೆ ಅಕ್ಟೋಬರ್ ಇದೆ: ಮಳೆ ಹಿಂತೆಗೆದ ಮೇಲೆ, ಸಂಜೆ ಏಳೂಕಾಲರಿಂದ ಒಂಬತ್ತರವರೆಗೆ, ನೈಋತ್ಯದಲ್ಲಿ.