ಸಪ್ತರ್ಷಿ ಮಂಡಲದ ಹೆಸರುಗಳು

ಏಪ್ರಿಲ್ ಅಥವಾ ಮೇ ತಿಂಗಳಿನ ನಿರಭ್ರವಾದ ರಾತ್ರಿಯಲ್ಲಿ, ಸುಮಾರು 9 ಗಂಟೆಯ ವೇಳೆಗೆ ಉತ್ತರಾಭಿಮುಖವಾಗಿ ನಿಂತು ನೋಡಿದರೆ ಏಳು ನಕ್ಷತ್ರಗಳ ಒಂದು ಗುಂಪು ಕಣ್ಣಿಗೆ ಬೀಳುತ್ತದೆ. ನಾಲ್ಕು ನಕ್ಷತ್ರಗಳು ಚತುಷ್ಕೋನವಾಗಿ ನಿಂತಿವೆ. ಉಳಿದ ಮೂರು ಅದಕ್ಕೆ ಬಾಲದಂತೆ ಸೇರಿಕೊಂಡಿವೆ. ನಮ್ಮ ಪೂರ್ವಿಕರು ಇವುಗಳಲ್ಲಿ ಕ್ರತು, ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಮರೀಚಿ ಎಂಬ ಏಳು ಮಂದಿ ಋಷಿಗಳನ್ನು ಕಂಡರು. ವಸಿಷ್ಠನ ಪಕ್ಕದಲ್ಲಿ ಮಿನುಗುವ ಚಿಕ್ಕ ನಕ್ಷತ್ರವೇ ಅರುಂಧತಿ. ಮದುವೆಯಲ್ಲಿ ವಧೂವರರಿಗೆ ತೋರಿಸುವುದು ಇದನ್ನೇ.

ಆದರೆ ಇವು ಎಲ್ಲ ಜನರಿಗೂ ಋಷಿಗಳಾಗಿ ಕಾಣಲಿಲ್ಲ. ಪ್ರಾಚೀನ ರೋಮನರು ಇವನ್ನು ಏಳು ಉಳುವ ಎತ್ತುಗಳೆಂದು ಭಾವಿಸಿದರು. ಆ ಹೆಸರೇ ಅವರ ಭಾಷೆಯಲ್ಲಿ ಉತ್ತರ ದಿಕ್ಕಿನ ಹೆಸರಾಯಿತು. ಇಂಗ್ಲೆಂಡಿನ ಜನರಿಗೆ ಇದು ನೇಗಿಲು. ಚೀನೀಯರಿಗೆ ಉತ್ತರದ ಸೌಟು. ಅರಬರಿಗೆ ನಾಲ್ಕು ನಕ್ಷತ್ರಗಳು ಶವದ ಚಟ್ಟವಾಗಿಯೂ, ಮೂರು ನಕ್ಷತ್ರಗಳು ಅದನ್ನು ಹಿಂಬಾಲಿಸುವ ಹೆಣ್ಣುಮಕ್ಕಳಾಗಿಯೂ ತೋರಿದವು. ಗ್ರೀಕರು ಇಲ್ಲಿ ಕರಡಿಯನ್ನು ಕಂಡು 'ಆರ್ಕ್ಟೋಸ್' ಎಂದರು. ಉತ್ತರ ಧ್ರುವ ಪ್ರದೇಶಕ್ಕೆ ಆರ್ಕ್ಟಿಕ್ ಎಂಬ ಹೆಸರು ಬಂದುದು ಇದರಿಂದಲೇ.

ಈ ಕರಡಿ ನಮಗೂ ಅಪರಿಚಿತವಲ್ಲ. ಸಪ್ತರ್ಷಿಗಳನ್ನು ಹಿಂದೆ 'ಋಕ್ಷ'ಗಳೆಂದು ಕರೆಯುತ್ತಿದ್ದರೆಂದು ಶತಪಥ ಬ್ರಾಹ್ಮಣವು ಹೇಳುತ್ತದೆ. ಸಂಸ್ಕೃತದಲ್ಲಿ ಋಕ್ಷವೆಂದರೆ ಕರಡಿ. ನಕ್ಷತ್ರವೆಂಬ ಅರ್ಥವೂ ಉಂಟು. ಗ್ರೀಕರ ಆರ್ಕ್ಟೋಸ್ ಮತ್ತು ಸಂಸ್ಕೃತದ ಋಕ್ಷ ಒಂದೇ ಮೂಲದಿಂದ ಹುಟ್ಟಿದ ಪದಗಳೆಂದು ಭಾಷಾಶಾಸ್ತ್ರಜ್ಞರು ತಿಳಿಸುತ್ತಾರೆ.

ಹಾಗಾದರೆ ಇವುಗಳಲ್ಲಿ ನಿಜವಾದ ಹೆಸರು ಯಾವುದು? ಖಗೋಳಶಾಸ್ತ್ರದ ದೃಷ್ಟಿಯಲ್ಲಿ ಈ ಏಳೂ ಒಂದೇ ಬಳಗಕ್ಕೆ ಸೇರಿದವುಗಳಲ್ಲ. ನಡುವಿನ ಐದು ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷಗಳ ದೂರದಲ್ಲಿದ್ದು ಒಟ್ಟಿಗೆ ಚಲಿಸುತ್ತಿವೆ. ತುದಿಗಳಲ್ಲಿರುವ ಕ್ರತು ಮತ್ತು ಮರೀಚಿ 100 ಜ್ಯೋತಿರ್ವರ್ಷಗಳಿಗಿಂತಲೂ ಆಚೆಗಿದ್ದು ಬೇರೆ ದಾರಿ ಹಿಡಿದಿವೆ. ಸಾವಿರಾರು ವರ್ಷಗಳು ಕಳೆದಂತೆ ಈ ಆಕೃತಿಯೂ ಬದಲಾಗುವುದು. ಸೌಟಾಗಲಿ, ನೇಗಿಲಾಗಲಿ, ಋಷಿಗಳ ಸಮೂಹವಾಗಲಿ ಆಕಾಶದಲ್ಲಿಲ್ಲ. ಅವೆಲ್ಲ ನೋಡುವವರ ಬಾಳಿನಿಂದ ಬಂದವು. ಉಳುವವನು ನೇಗಿಲನ್ನು ಕಂಡನು; ತಪಸ್ಸನ್ನು ಗೌರವಿಸಿದವರು ತಪಸ್ವಿಗಳನ್ನು ಕಂಡರು. ಆದುದರಿಂದ ಪರರು ಇಟ್ಟ ಹೆಸರನ್ನು ಕೇಳಿ ನಗುವುದು ತರವಲ್ಲ. ಅದು ಅವರ ಬದುಕನ್ನು ನಮಗೆ ಪರಿಚಯಿಸುತ್ತದೆ.

ಪುಲಹದಿಂದ ಕ್ರತುವಿಗೆ ಒಂದು ರೇಖೆಯನ್ನೆಳೆದು, ಅದನ್ನು ಅಷ್ಟೇ ಅಂತರದ ಐದರಷ್ಟು ಮುಂದುವರಿಸಿದರೆ ಧ್ರುವನಕ್ಷತ್ರವು ಸಿಕ್ಕುತ್ತದೆ. ಋಷಿಯೆಂದು ನಂಬಿದವನಿಗೂ ಕರಡಿಯೆಂದು ತಿಳಿದವನಿಗೂ ಆ ರೇಖೆ ತೋರಿಸುವ ದಿಕ್ಕು ಒಂದೇ.